ಬೇಲಿಯ ಲಕ್ಕಿ, ಕಾವ್ಯದ ಸಿಂದುವಾರ

ಕಾಳಿದಾಸನ ‘ಕುಮಾರಸಂಭವ’ದ ಮೂರನೆಯ ಸರ್ಗದಲ್ಲಿ ಪಾರ್ವತಿ ವಸಂತದ ಹೂಗಳನ್ನೇ ಒಡವೆಯಾಗಿ ತೊಟ್ಟು ಬರುತ್ತಾಳೆ. ಮುತ್ತಿನ ಸರದ ಸ್ಥಾನದಲ್ಲಿ ಅವಳಿಗೆ ಸಿಂದುವಾರದ ಹೂ. ಈ ಸಂದರ್ಭವನ್ನು ವಿವರಿಸುತ್ತಿದ್ದಾಗ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ, ಆ ಗಿಡ ಹೇಗಿರುತ್ತದೆಂದು ಕೇಳಿದ. “ಅದೊಂದು ಬಗೆಯ ಹೂ” ಎಂದು ಹೇಳಿ ಮುಂದೆ ಸಾಗಿದೆ.

ನಿವೃತ್ತನಾದ ಮೇಲೆ ಅಮರಕೋಶವನ್ನು ತಿರುವುವಾಗ ಸಿಂದುವಾರ, ಇಂದ್ರಸುರಸ, ನಿರ್ಗುಂಡಿ ಎಂಬ ಹೆಸರುಗಳು ಒಂದೇ ಕಡೆ ಕಂಡವು. ನಿರ್ಗುಂಡಿಯೆಂದರೆ ನಮ್ಮ ಲಕ್ಕಿ. ಕೆಲವೆಡೆ ನೆಕ್ಕಿ ಎನ್ನುತ್ತಾರೆ. ನಮ್ಮಜ್ಜಿ ಬಾಣಂತಿಯರ ಸ್ನಾನದ ನೀರಿಗೆ ಹಾಕುತ್ತಿದ್ದ, ಕಾಳಿಗೆ ಹುಳು ಬೀಳದಂತೆ ಒಣಗಿಸಿ ಇಡುತ್ತಿದ್ದ ಸೊಪ್ಪು ಅದೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯುಂಟು; ನನ್ನ ಪಾಲಿಗೆ ಅದು ಕಾವ್ಯವೂ ಆಗಿರಲಿಲ್ಲ.

ಲಕ್ಕಿಯ ಗುರುತು ಸುಲಭ. ಒಂದು ತೊಟ್ಟಿಗೆ ಮೂರೋ ಐದೋ ಎಸಳೆಲೆ. ಮೇಲೆ ಹಸುರು, ಅಡಿಯಲ್ಲಿ ಬೂದಿ ಬಣ್ಣ. ಉಜ್ಜಿದರೆ ಕಟುವಾದ ಪರಿಮಳ. ಸಸ್ಯಶಾಸ್ತ್ರಜ್ಞರು ಇದನ್ನು ಈಗ ತುಳಸಿಯ ಕುಟುಂಬಕ್ಕೇ ಸೇರಿಸಿದ್ದಾರೆ. ಹೂವು ತಿಳಿನೀಲಿಯಾದರೆ ಮುತ್ತಿನ ಹೋಲಿಕೆ ಹೇಗೆ? ಬಿಳಿಹೂವಿನದು ಸಿಂದುವಾರ, ನೀಲಿಹೂವಿನದು ನಿರ್ಗುಂಡಿ ಎಂದು ‘ಭಾವಪ್ರಕಾಶ’ ಭೇದ ಮಾಡುತ್ತದೆ. ಬೂದುಬಿಳುಪಿನ ನವಿರುಳ್ಳ ಮೊಗ್ಗಿನ ಗೊಂಚಲನ್ನು ಕಂಡವರಿಗೆ ನೀಲಿಹೂವಿನ ಲಕ್ಕಿಯಲ್ಲಿಯೂ ಮುತ್ತು ಕಾಣದಿರದು.

ಬೆಳೆಸುವುದಕ್ಕೆ ಹೆಚ್ಚಿನ ಶ್ರಮವಿಲ್ಲ. ಮಳೆಗಾಲದ ಮೊದಲಲ್ಲಿ, ಬಲಿತ ಕೊಂಬೆಯಿಂದ ಬೆರಳು ದಪ್ಪದ, ಗೇಣುದ್ದದ ತುಂಡನ್ನು ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗಿರುವಂತೆ ಓರೆಯಾಗಿ ನೆಡಬೇಕು. ಬೇಲಿಗಾದರೆ ಎರಡು ಅಡಿಗೊಂದು. ಬಿಸಿಲು ಬೀಳುವ, ನೀರು ನಿಲ್ಲದ ಜಾಗವಿರಲಿ. ಮೈಸೂರಿನ ಕೆಂಪುಮಣ್ಣು ಧಾರಾಳವಾಗಿ ಸಾಕು. ಮೊದಲ ಬೇಸಗೆಯಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ನೀರು ಕೊಟ್ಟರೆ, ಬೇರೂರಿದ ಗಿಡ ಮುಂದಿನ ಬೇಸಗೆಗಳನ್ನು ತಾನೇ ತಾಳಿಕೊಳ್ಳುತ್ತದೆ. ಹೂ ಮುಗಿದೊಡನೆ ಸವರದಿದ್ದರೆ ಹತ್ತು ಅಡಿಗೂ ಮೀರಿ ಬೆಳೆದು ಬುಡ ಬೋಳಾಗುತ್ತದೆ. ಒಂದು ಎಚ್ಚರ: ಸೊಪ್ಪಿನ ಕಷಾಯವನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ಬೇಲಿಯಿದ್ದಲ್ಲೆಲ್ಲ ಕಾಂಪೌಂಡ್ ಗೋಡೆ ಎದ್ದಿರುವ ನಮ್ಮ ಬಡಾವಣೆಗಳಲ್ಲಿ ಈ ಗಿಡಕ್ಕೆ ಈಗ ನೆಲೆ ಕಡಿಮೆ. ಗಿಡ ಕಣ್ಮರೆಯಾದರೆ ಮುಂದಿನ ಅಧ್ಯಾಪಕನೂ “ಅದೊಂದು ಬಗೆಯ ಹೂ” ಎಂದೇ ಹೇಳಬೇಕಾದೀತು. ನನ್ನನ್ನು ಕೇಳಿದ ವಿದ್ಯಾರ್ಥಿ ಈಗೆಲ್ಲಿದ್ದಾನೋ ತಿಳಿಯದು. ಬಹುಶಃ ಅವನ ಊರಿನ ಬೇಲಿಯಲ್ಲಿಯೇ ಲಕ್ಕಿಯಿತ್ತು. ನಮ್ಮ ಗೇಟಿನ ಪಕ್ಕದಲ್ಲಿ ನಾನು ನೆಟ್ಟದ್ದು ಈಗ ಎದೆಮಟ್ಟ ಬಂದಿದೆ. ಶಾಲೆಗೆ ಹೋಗುವ ಮಕ್ಕಳು ನಿಂತು ಕೇಳಿದರೆ ಒಂದು ಎಲೆ ಕಿತ್ತು ಕೈಗಿತ್ತು, ಎರಡು ಹೆಸರನ್ನೂ ಹೇಳುತ್ತೇನೆ.