ತೋಟದ ಕೋವಿಗೆ ಎಷ್ಟು ಉದ್ದದ ನಳಿಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ರೈತ ಬಾಂಧವರಿಗೆ ಕಾಡುಹಂದಿಯ ಉಪದ್ರವವನ್ನು ವಿವರಿಸಬೇಕಿಲ್ಲ. ಒಂದೇ ರಾತ್ರಿಯಲ್ಲಿ ಬಾಳೆಯ ಬುಡ, ಮರಗೆಣಸಿನ ಸಾಲು, ಕಟಾವಿಗೆ ಬಂದ ಗದ್ದೆ ಎಲ್ಲವೂ ಮಗುಚಿಬೀಳುತ್ತವೆ. ಆದ್ದರಿಂದಲೇ ಈ ಸೀಮೆಯ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿ ಕೋವಿ ಇದೆ. ಹೊಸದಾಗಿ ಕೊಳ್ಳುವವರ ಮೊದಲ ಪ್ರಶ್ನೆ: ನಳಿಗೆ ಉದ್ದವಿರಬೇಕೋ, ಗಿಡ್ಡವೋ?

ಕಾನೂನು ಏನೆನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಪರವಾನಗಿ ಕೊಡಬಹುದು. ಆದರೆ ಅದರ ನಳಿಗೆ 20 ಇಂಚಿಗೆ ಕಡಿಮೆ ಇರಬಾರದು. ರಿವಾಲ್ವರಿನ ಗಿಡ್ಡ ನಳಿಗೆಗೆ ಆಸೆಪಡಬೇಡಿ. ಅದು ತೋಟದ ಆಯುಧವಲ್ಲ.

ಉದ್ದದಿಂದ ಲಾಭವೆಷ್ಟು?

ಕರಿಮದ್ದಿನ ಕೋವಿಗೆ ಉದ್ದ ನಳಿಗೆಯಿಂದ ಪ್ರಯೋಜನವಿದೆ. ಮದ್ದು ಉರಿದು ಚರೆಯನ್ನು ತಳ್ಳಲು ಅದಕ್ಕೆ ಅವಕಾಶ ಬೇಕು. ಹೊಗೆರಹಿತ ಮದ್ದಿನ 12 ಬೋರಿನ ತೋಟೆಯಲ್ಲಿ ಹಾಗಲ್ಲ. ಚರೆಯ ವೇಗ ಸೆಕೆಂಡಿಗೆ ಸುಮಾರು 1200 ಅಡಿ. ನಳಿಗೆ ಒಂದು ಇಂಚು ಹೆಚ್ಚಿದರೆ ಸೇರುವುದು 5ರಿಂದ 10 ಅಡಿ ಮಾತ್ರ. ಉದ್ದ ನಳಿಗೆ ದೂರ ಹೊಡೆಯುತ್ತದೆಂಬ ನಂಬಿಕೆ ತೋಟೆ ಕೋವಿಗೆ ಸಲ್ಲದು. ಚರೆ ಹರಡುವ ಪರಿಯನ್ನು ನಿರ್ಧರಿಸುವುದು ನಳಿಗೆಯ ತುದಿಯ ಬಿಗಿತ, ಅಂದರೆ ಚೋಕ್.

ಉದ್ದದಿಂದ ಸಿಗುವ ನಿಜವಾದ ಲಾಭ ಗುರಿಯ ಸ್ಥಿರತೆ. ಬಯಲು ಗದ್ದೆ ಕಾಯುವವರಿಗೆ 30 ಇಂಚು ಚೆನ್ನು. ಒಂಬತ್ತು ಅಡಿಗೊಂದು ಮರವಿರುವ ಅಡಿಕೆ ತೋಟದಲ್ಲಿ ತಿರುಗಲು 26ರಿಂದ 28 ಇಂಚು ಹಿತ. ಕೊಳ್ಳುವ ಮುನ್ನ ಖಾಲಿ ಕೋವಿಯನ್ನು ಭುಜಕ್ಕೇರಿಸಿ ಒಂದು ನಿಮಿಷ ಹಿಡಿಯಿರಿ. ತುದಿ ಕೆಳಗೆ ಬಾಗತೊಡಗಿದರೆ ಅದು ನಿಮಗೆ ಭಾರ.

ನಳಿಗೆ ಕೊಯ್ಯಿಸಬೇಡಿ

ಅಜ್ಜನ ಕಾಲದ ಕೋವಿಯ ತುದಿ ತುಕ್ಕು ಹಿಡಿದಿದೆ, ನಾಲ್ಕು ಇಂಚು ಕೊಯ್ದರೆ ಸರಿಹೋದೀತು ಎಂದು ಹೇಳುವವರು ಊರಲ್ಲಿ ಸಿಗುತ್ತಾರೆ. ಕೇಳಬೇಡಿ. ಕೊಯ್ದರೆ ಚೋಕ್ ಹೋಗುತ್ತದೆ, ಚರೆ ಅಗಲಕ್ಕೆ ಚದರುತ್ತದೆ. ಅಲ್ಲದೆ ಅನುಮತಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದು ಕಾಯಿದೆಯ 6ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಸಜೆ. ಬೆಳೆ ಉಳಿಸಹೋಗಿ ಮನೆಯ ಯಜಮಾನನೇ ಜೈಲು ಸೇರಬೇಕಾದೀತು. ರಿಪೇರಿಯನ್ನು ಪರವಾನಗಿ ಪಡೆದ ಕೋವಿ ಅಂಗಡಿಯಲ್ಲೇ ಮಾಡಿಸಿ.

ಗಮನವಿರಲಿ

* ಮೂಲೆಯಲ್ಲಿಟ್ಟ ಕೋವಿಯ ಬಾಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದುಂಟು. ಹಾಗೆಯೇ ಹೊಡೆದರೆ ನಳಿಗೆ ಸಿಡಿದೀತು. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ಒಳಗೆ ನೋಡಿ, ಒರೆಸಿ, ಎಣ್ಣೆ ಹಚ್ಚಿ.
* ಕರಿಮದ್ದು ಹೊಡೆದ ದಿನವೇ ನಳಿಗೆ ತೊಳೆದು ಒಣಗಿಸಿ. ನಮ್ಮ ಮಳೆಗಾಲದಲ್ಲಿ ತುಕ್ಕಿಗೆ ಒಂದು ರಾತ್ರಿ ಸಾಕು.
* ಸಣ್ಣ ಚರೆಯೂ 200 ಗಜ ಹಾರಬಲ್ಲದು. ನಮ್ಮಲ್ಲಿ ತೋಟಕ್ಕೊಂದು ಮನೆ. ಆಚೆ ಯಾರ ಅಂಗಳವಿದೆಯೆಂದು ತಿಳಿಯದೆ ಕುದುರೆ ಎಳೆಯಬೇಡಿ.
* ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯಿದೆಯಂತೆ, ಬೆಳೆ ತಿನ್ನುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ಉದ್ದ ಎಷ್ಟೇ ಇರಲಿ, ನಳಿಗೆ ಗಟ್ಟಿಯಾಗಿ, ಶುಚಿಯಾಗಿ, ಕಾನೂನಿನ ಅಳತೆಯೊಳಗಿರಲಿ. ತೋಟ ಕಾಯುವ ಕೋವಿ ಮನೆಯನ್ನೂ ಕಾಯುವಂತಿರಬೇಕು.