ಅಜ್ಜ ಸಾಯುವ ಪುಸ್ತಕವನ್ನು ಮಗುವಿಗೆ ಕೊಡಬಹುದೇ?

ತುಮಕೂರಿನ ಪುಸ್ತಕದಂಗಡಿಗಳಲ್ಲಿ ಮಕ್ಕಳ ಪದ್ಯಕ್ಕೆ ಒಂದು ಸಾಲು, ನೀತಿಕತೆಗೆ ಎರಡು ಸಾಲು ಸಿಗುತ್ತವೆ. ಮಕ್ಕಳ ಕಾದಂಬರಿಗೆ ಪ್ರತ್ಯೇಕ ಸಾಲು ಕಾಣುವುದು ಅಪರೂಪ. ದೊಡ್ಡವರ ಕಾದಂಬರಿಗಳ ನಡುವೆಯೋ, ಕೆಎಎಸ್, ಪಿಡಿಒ ಪರೀಕ್ಷೆಯ ಗೈಡುಗಳ ಪಕ್ಕದಲ್ಲೋ ನಾಲ್ಕೈದು ತೆಳು ಪುಸ್ತಕ ಸಿಕ್ಕಿಕೊಂಡಿರುತ್ತವೆ. ಹಾಗೆಂದು ಕನ್ನಡದಲ್ಲಿ ಬರೆಯುವವರಿಲ್ಲ ಎಂದಲ್ಲ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಮುಂದೆ 2020ರಿಂದ 2023ರವರೆಗೆ ಆ ಪುರಸ್ಕಾರ ಕನ್ನಡದಲ್ಲಿ ಸತತವಾಗಿ ಕಾದಂಬರಿಗೇ ಬಂತು: ಎಚ್.ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’.

ಬರೆಯುವವರಿದ್ದಾರೆ, ಓದುವ ಮಕ್ಕಳೂ ಇದ್ದಾರೆ. ನಡುವೆ ನಿಂತು ‘ಇದು ಆಗುತ್ತೆ, ಇದು ಬೇಡ’ ಎನ್ನುವವರು ನಾವು, ಅಪ್ಪ ಅಮ್ಮ ಮೇಷ್ಟ್ರುಗಳು. ಶಾಲೆಯ ಓದುವ ಮೂಲೆಗೆ ಪುಸ್ತಕ ಆರಿಸುವ ನೆಪದಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಸಾವು, ಹೆದರಿಕೆ ಇರುವ ಕತೆ ಮಕ್ಕಳಿಗಲ್ಲ

“ಬ್ಯಾಡಿ ಮೇಷ್ಟ್ರೇ, ಇದ್ರಲ್ಲಿ ಅಜ್ಜ ಸತ್ತೋಗ್ತಾನಂತೆ, ನಮ್ಮುಡುಗಿ ಮನಸ್ಗೆ ಹಚ್ಕೊಂಬುಡ್ತಾಳೆ” ಎಂದು ಪುಸ್ತಕ ವಾಪಸು ಮಾಡುವ ತಾಯಂದಿರು ಗುಬ್ಬಿಯಲ್ಲೂ ಇದ್ದಾರೆ, ಕುಣಿಗಲ್ಲಿನಲ್ಲೂ ಇದ್ದಾರೆ. ಅವರೇ ಊರಹಬ್ಬದ ರಾತ್ರಿ ಅದೇ ಹುಡುಗಿಯನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕುರುಕ್ಷೇತ್ರ ನಾಟಕ ನೋಡುತ್ತಾರೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಅದು ಬೆಳಗಿನ ಜಾವದ ತನಕ ನಡೆಯುವ ಆಟ. ಹಾರ್ಮೋನಿಯಂ ಸದ್ದಿಗೂ ಏಳದೆ ಮುಂದಿನ ಚಾಪೆಯಲ್ಲಿ ಮಲಗಿದ್ದ ಹುಡುಗರು ಭೀಮ ಗದೆ ಎತ್ತುವ ಹೊತ್ತಿಗೆ ಸರಿಯಾಗಿ ಎದ್ದು ಕೂರುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ಹೆಸರು ಮಾಡಿತ್ತು. ಅಷ್ಟು ಸಾವು ನೋವನ್ನು ಕಣ್ಣಾರೆ ಕಂಡ ಮಗು ಬೆಳಿಗ್ಗೆ ಎದ್ದು ಪುರಿ ಉಂಡೆ ಕೇಳುತ್ತದೆ.

ನಾಟಕ ಬಿಡಿ, ಗೋವಿನ ಹಾಡು ಕೇಳದೆ ಬೆಳೆದ ಕನ್ನಡದ ಮಗು ಯಾವುದು? ಅದರಲ್ಲಿ ಹುಲಿ ಕೊನೆಗೆ ಪ್ರಾಣ ಬಿಡುತ್ತದೆ. ಚಂದಮಾಮದ ವಿಕ್ರಮ ತಿಂಗಳು ತಿಂಗಳೂ ಹೆಗಲ ಮೇಲೆ ಹೆಣ ಹೊತ್ತುಕೊಂಡೇ ಬರುತ್ತಿದ್ದ. ಸಾವನ್ನು ನಾವು ಮಕ್ಕಳಿಂದ ಎಂದೂ ಮುಚ್ಚಿಟ್ಟವರಲ್ಲ. ಅದು ಅಚ್ಚಾಗಿ, ಹೊಸ ಕಾದಂಬರಿಯೊಳಗೆ, ನಮ್ಮಂಥದೇ ಮನೆಯಲ್ಲಿ ನಡೆದರೆ ಮಾತ್ರ ದಿಗಿಲಾಗುತ್ತದೆ.

ಸಾವು ಇದೆಯೇ ಇಲ್ಲವೇ ಎಂದು ನೋಡಿದರೆ ಏನೂ ತಿಳಿಯದು. ನಾನು ನೋಡುವುದೇ ಬೇರೆ. ಸಾವಿನ ಹೊತ್ತಿಗೆ ಕತೆಯೊಳಗಿನ ಮಗುವಿನ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ? ಲೇಖಕರು ಗಾಯವನ್ನು ವರ್ಣಿಸುತ್ತಾ ಕೂತಿದ್ದಾರೋ, ಮನೆಯವರ ದುಃಖವನ್ನೋ? ಅಧ್ಯಾಯ ಎಲ್ಲಿ ನಿಲ್ಲುತ್ತದೆ? ಕೊನೆಯ ಪ್ರಶ್ನೆ ಕ್ಷುಲ್ಲಕ ಅನ್ನಿಸಬಹುದು, ಆದರೆ ಏಳೆಂಟು ವರ್ಷದವರ ಮಟ್ಟಿಗೆ ಅದೇ ಮುಖ್ಯ. ಅವರು ರಾತ್ರಿ ಒಂದು ಅಧ್ಯಾಯ ಓದಿಸಿಕೊಂಡು ಮಲಗುವವರು. ಹೆದರಿಕೆ ಹುಟ್ಟಿಸಿದ ಅಧ್ಯಾಯದಲ್ಲೇ ಅದು ಕೊಂಚ ಇಳಿಯಬೇಕು, ಪೂರ್ತಿ ಅಲ್ಲದಿದ್ದರೂ. ಹತ್ತು ದಾಟಿದವರಿಗೆ ಈ ಕಟ್ಟು ಬೇಕಿಲ್ಲ. ಅವರು ಅರ್ಧಕ್ಕೆ ನಿಂತ ಪ್ರಶ್ನೆಯನ್ನು ಹಾಸಿಗೆಗೆ ಒಯ್ಯಬಲ್ಲರು, ಒಯ್ಯಲೂ ಬಯಸುತ್ತಾರೆ. ಕನ್ನಡಕ್ಕೂ ಬಂದಿರುವ ಜಪಾನಿನ ‘ತೊತ್ತೊ ಚಾನ್’ನಲ್ಲಿ ಪೋಲಿಯೊ ಪೀಡಿತ ಗೆಳೆಯ ಯಾಸುವಾಕಿ ತೀರಿಕೊಳ್ಳುತ್ತಾನೆ, ಕೊನೆಗೆ ಯುದ್ಧದ ಬೆಂಕಿಗೆ ಶಾಲೆಯೂ ಹೋಗುತ್ತದೆ. ಆದರೂ ಅದನ್ನು ಐದನೇ ತರಗತಿಗೆ ಕೊಡಲು ನಾನು ಹಿಂದೆಮುಂದೆ ನೋಡುವುದಿಲ್ಲ. ಮರ ಹತ್ತಲಾಗದ ಆ ಹುಡುಗನನ್ನು ತೊತ್ತೊ ಏಣಿ ತಂದು ಹತ್ತಿಸಿದ ಅಧ್ಯಾಯ ಅಷ್ಟು ಹೊತ್ತಿಗೆ ಬಂದು ಹೋಗಿರುತ್ತದೆ. ಅವನ ಸಾವನ್ನು ಮಗು ಬರಿಗೈಯಲ್ಲಿ ಎದುರಿಸುವುದಿಲ್ಲ.

ಯಾರೂ ಸಾಯದ ಎಷ್ಟೋ ಪುಸ್ತಕಗಳನ್ನು ನಾನು ಬದಿಗಿಟ್ಟಿದ್ದೇನೆ. ಕಪ್ಪಗಿರುವವನನ್ನೋ, ದಪ್ಪಗಿರುವವಳನ್ನೋ, ಕುಂಟುವವನನ್ನೋ ನಗೆಪಾಟಲು ಮಾಡಿ, ಆ ನಗುವಿಗೆ ಲೇಖಕರೂ ದನಿ ಸೇರಿಸಿರುವ ಕತೆಗಳು ಅವು. ಅಂಥವನ್ನು ‘ಹಾಸ್ಯಮಯವಾಗಿದೆ’ ಎಂದು ಹೊಗಳಿ ಕೊಡುವವರು ಅಜ್ಜನ ಸಾವಿಗೆ ಬೆಚ್ಚುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ತಪ್ಪು ಕಲ್ಪನೆ: ಓಡಿಹೋದವನ ಕತೆ ಓದಿದರೆ ನಮ್ಮ ಹುಡುಗನೂ ಓಡಿಹೋಗುತ್ತಾನೆ

ಹೆಸರು ನೋಡಿಯೇ ‘ಓಡಿ ಹೋದ ಹುಡುಗ’ವನ್ನು ಕೆಳಗಿಟ್ಟ ಅಪ್ಪಂದಿರಿದ್ದಾರೆ. ಗುಬ್ಬಿಯವರಾಗಿ ಈ ಮಾತು ಆಡುವಾಗ ಸ್ವಲ್ಪ ಯೋಚಿಸಬೇಕು. ಬಂಟ್ವಾಳ ಕಡೆಯ ಮಂಚಿಯ ಒಬ್ಬ ಹುಡುಗ ಮನೆ ಬಿಟ್ಟು ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನೇ. ಅವನನ್ನು ಸೆಳೆದದ್ದು ಕಾದಂಬರಿಯಲ್ಲ, ನಾಟಕದ ಹುಚ್ಚು. ಮುಂದೆ ಗುಬ್ಬಿ ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳಿಸಿದರು, ನಾಡು ಅವನನ್ನು ಬಿ.ವಿ. ಕಾರಂತ ಎಂದು ಕರೆಯಿತು. ಎಲ್ಲ ಮಕ್ಕಳೂ ಓಡಿಹೋಗಲಿ ಎಂದು ನಾನು ಹೇಳುತ್ತಿಲ್ಲ, ಅಪ್ಪಂದಿರು ಗಾಬರಿಯಾಗುವುದು ಬೇಡ.

ಆರ್.ಕೆ. ನಾರಾಯಣರ ಸ್ವಾಮಿಯೂ ಮನೆ ಬಿಡುತ್ತಾನೆ. ಕಾಡುದಾರಿಯಲ್ಲಿ ಕತ್ತಲಾಗಿ, ಎಲೆ ಅಲ್ಲಾಡಿದರೂ ಹುಲಿ ಎಂದು ನಡುಗಿ, ಕೊನೆಗೆ ಯಾರದೋ ದಯೆಯಿಂದ ಮನೆ ಸೇರುತ್ತಾನೆ. ಅಷ್ಟರಲ್ಲಿ ಅವನು ಆಡಬೇಕಿದ್ದ ಕ್ರಿಕೆಟ್ ಪಂದ್ಯವೂ ಮುಗಿದಿರುತ್ತದೆ. ಮನೆ ಬಿಟ್ಟವನ ರಾತ್ರಿ ಹೇಗಿರುತ್ತದೆ ಎಂಬುದನ್ನು ನಮ್ಮ ಯಾವ ಬೈಗುಳವೂ ಇಷ್ಟು ಚೆನ್ನಾಗಿ ತಿಳಿಸಲಾರದು. ತಪ್ಪು ಮಾಡುವ ಪಾತ್ರ ಇದ್ದರೆ ಅದರ ಹಸಿವು, ನಿದ್ದೆ, ಕತ್ತಲೆ ಪುಟದ ಮೇಲೆ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಒಂಬತ್ತು ಹತ್ತು ವರ್ಷದವರಿಗೆ ಧಾರಾಳವಾಗಿ ಕೊಡಿ. ಬರೀ ಸಾಹಸ, ಬೆನ್ನು ತಟ್ಟಿಸಿಕೊಳ್ಳುವುದು ಅಷ್ಟೇ ಆಗಿದ್ದರೆ ಆ ಕತೆ ಹೇಗೂ ಸಪ್ಪೆ, ಮಕ್ಕಳೇ ಬಿಟ್ಟುಬಿಡುತ್ತಾರೆ.

ತಪ್ಪು ಕಲ್ಪನೆ: ವಯಸ್ಸು ಹೇಳಿದರೆ ಸಾಕು, ಪುಸ್ತಕ ಆರಿಸಬಹುದು

“ನಮ್ಮ ಹುಡ್ಗಂಗೆ ಹತ್ತು, ಹತ್ತು ವರ್ಷದೋರದ್ದು ಒಂದು ಕೊಡಿ” ಎಂದು ಚಪ್ಪಲಿಯ ಅಳತೆ ಹೇಳಿದಂತೆ ಕೇಳುತ್ತಾರೆ. ತುಮಕೂರಿನಂಥ ಊರಲ್ಲಿ ಈ ಲೆಕ್ಕ ಬೇಗ ಕೆಡುತ್ತದೆ. ಎಸ್.ಎಸ್. ಪುರಂನ ಇಂಗ್ಲಿಷ್ ಮೀಡಿಯಂ ಶಾಲೆಯ ಐದನೇ ತರಗತಿ ಹುಡುಗ ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತಾನೆ, ಪುಸ್ತಕ ಹಿಡಿದರೆ ಒತ್ತಕ್ಷರಕ್ಕೊಮ್ಮೆ ನಿಲ್ಲುತ್ತಾನೆ. ಗುಬ್ಬಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮುಗಿಸಿ ನಾಲ್ಕಕ್ಕೆ ಬಂದ ಹುಡುಗಿ ಅದೇ ಪುಟವನ್ನು ಉಸಿರು ಕಟ್ಟದೆ ಓದಿಬಿಡುತ್ತಾಳೆ. ಹಾಗೆಂದು ಹುಡುಗನ ಕೈಗೆ ಇಲಿ ಮೊಲದ ಕತೆ ಕೊಟ್ಟರೆ ಅವಮಾನವಾಗುತ್ತದೆ. ಅವನ ತಲೆ ಹತ್ತು ವರ್ಷದ್ದೇ, ಕನ್ನಡ ಓದುವ ಕಣ್ಣಿಗೆ ಮಾತ್ರ ಏಳು. ಅವನಿಗೆ ಹತ್ತು ವರ್ಷದವರ ಕಾದಂಬರಿಯನ್ನೇ ಕೊಡಬೇಕು, ಮೊದಲ ಎರಡು ಮೂರು ಅಧ್ಯಾಯ ದೊಡ್ಡವರು ಗಟ್ಟಿಯಾಗಿ ಓದಬೇಕು. ಪಾತ್ರಗಳ ಪರಿಚಯವಾದ ಮೇಲೆ ಅವನೇ ಪುಸ್ತಕ ಕಿತ್ತುಕೊಳ್ಳುತ್ತಾನೆ. 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ವಯಸ್ಸಿನ ಬದಲು ಓದಿನ ನಾಲ್ಕು ಹಂತಗಳಾಗಿ ಗುರುತಿಸಿರುವುದಕ್ಕೆ ಕಾರಣ ಇಂಥದೇ.

ಸುಲಭದ ಪರೀಕ್ಷೆಯೊಂದಿದೆ. ಮೊದಲ ಪುಟ ಬೇಡ, ಅದನ್ನು ಎಲ್ಲ ಲೇಖಕರೂ ತಿದ್ದಿ ತೀಡಿರುತ್ತಾರೆ. ಪುಸ್ತಕದ ನಡುವಿನ ಒಂದು ಪುಟ ತೆಗೆದು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಎಡವಿದ ಕಡೆ ಒಂದೊಂದು ಬೆರಳು ಮಡಿಸಲಿ. ಕೈ ಮುಷ್ಟಿಯಾದರೆ ಆ ಪುಸ್ತಕವನ್ನು ಸದ್ಯಕ್ಕೆ ನೀವು ಓದಿ ಹೇಳಿ. ಎಲ್ಲಿ ಎಡವುತ್ತಾರೆ ಎಂದು ಗಮನಿಸುವುದೂ ಒಂದು ಪಾಠ. ‘ಬುಡುಬುಡುಕೆಯವನು’ ಎಂಬಷ್ಟು ಉದ್ದದ ಮಾತನ್ನು ಸಲೀಸಾಗಿ ದಾಟಿದ ಮಗು ‘ವಿಷಣ್ಣ’ದ ಮುಂದೆ ನಿಂತುಬಿಡುತ್ತದೆ. ಕಿವಿಗೆ ಬಿದ್ದಿರದ ಪದ ಎಷ್ಟು ಗಿಡ್ಡವಾಗಿದ್ದರೂ ಕಷ್ಟವೇ. ದಪ್ಪಕ್ಷರ, ಬಣ್ಣದ ಚಿತ್ರ, ಅರವತ್ತು ಪುಟ ಎಂದು ನೋಡಿ ‘ಚಿಕ್ಕವರದ್ದು’ ಎನ್ನುವುದು ಇದಕ್ಕೇ ಮೋಸ.

ತಪ್ಪು ಕಲ್ಪನೆ: ಬೇರೆ ಸೀಮೆಯ ಕನ್ನಡ ನಮ್ಮ ಮಕ್ಕಳಿಗೆ ತಿಳಿಯುವುದಿಲ್ಲ

ತಮ್ಮಣ್ಣ ಬೀಗಾರರು ಸಿದ್ದಾಪುರದವರು, ವಿಜಯಶ್ರೀಯವರು ಕುಂದಾಪುರ ಕಡೆಯವರು, ಬಸು ಅವರು ಧಾರವಾಡದವರು. ಸೀಮೆ ನೋಡಿ ಆರಿಸಹೊರಟರೆ ನಮಗೆ ಓದಲು ಉಳಿಯುವುದೇ ಕಡಿಮೆ. ಸಿನಿಮಾ, ಧಾರಾವಾಹಿ, ರೀಲ್ಸುಗಳಲ್ಲಿ ಮಂಗಳೂರು, ಹುಬ್ಬಳ್ಳಿ ಮಾತು ಕೇಳಿ ಅಣಕಿಸಿ ಆಡುವ ಮಕ್ಕಳು ನಮ್ಮವು. ಒಂದೆರಡು ಪದ ಕೇಳಿ ತಿಳಿದುಕೊಂಡರಾಯಿತು.

ತಪ್ಪು ಕಲ್ಪನೆ: ಕೊನೆಗೊಂದು ನೀತಿ ಇಲ್ಲದಿದ್ದರೆ ಕತೆ ದಂಡ

ಕುವೆಂಪು ಅವರ ಕಿಂದರಿಜೋಗಿ ಮಕ್ಕಳಿಗೆ ಹೇಳುವ ನೀತಿ ಏನು? ಮಾತು ತಪ್ಪಿದವರು ಊರಿನ ದೊಡ್ಡವರು, ಕಳೆದುಹೋದವರು ಮಕ್ಕಳು. ನೀತಿ ಇದ್ದರೆ ಅದು ನಮಗೇ! ನಮ್ಮ ಜಿಲ್ಲೆಯವರೇ ಆದ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ 2024ರಲ್ಲಿ ಪುರಸ್ಕಾರ ಪಡೆಯಿತು. ಅದು ಕಾದಂಬರಿಯಲ್ಲ, ಕಥಾಸಂಕಲನ. ಅದನ್ನು ಮಕ್ಕಳ ಕೈಗೆ ಕೊಡುವಾಗಲೂ ‘ಇದರಿಂದ ಏನು ಕಲಿತೆ’ ಎಂದು ಕೇಳುವ ಚಪಲವನ್ನು ದೊಡ್ಡವರು ಅದುಮಿಟ್ಟುಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ನಾಯಕ ಹುಡುಗನಾಗಿದ್ದರೆ ಅದು ಮಕ್ಕಳ ಪುಸ್ತಕ

ಅನಂತಮೂರ್ತಿಯವರ ‘ಘಟಶ್ರಾದ್ಧ’ದ ನಿರೂಪಕ ವೇದಪಾಠಶಾಲೆಯ ಒಬ್ಬ ಪುಟ್ಟ ಹುಡುಗ. ಆ ಹುಡುಗನ ಪ್ರಾಯದವರಿಗೆ ಅದನ್ನು ಯಾರೂ ಕೊಡಲಾರರು. ಹುಡುಗನಿಗೆ ಅರ್ಥವಾಗದ್ದು ಓದುಗನಿಗೆ ಅರ್ಥವಾಗಬೇಕು, ಆ ಕತೆ ನಿಂತಿರುವುದೇ ಅದರ ಮೇಲೆ. ಇದಕ್ಕೆ ತಿರುಗುಮುರುಗಾಗಿ ತೇಜಸ್ವಿಯವರ ‘ಕರ್ವಾಲೊ’ (1980) ಇದೆ. ಅದರ ತುಂಬ ದೊಡ್ಡವರೇ, ಕುಡಿತ ಜಗಳ ಮದುವೆಯ ರಂಪ ಎಲ್ಲ ಇದೆ. ಆದರೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ನುಗ್ಗುವ ಉಮೇದು ಹದಿಮೂರರ ಮಕ್ಕಳಿಗೆ ಹೇಳಿ ಮಾಡಿಸಿದಂಥದು. ಎಂಟನೇ ತರಗತಿಗೆ ಧೈರ್ಯವಾಗಿ ಕೊಡಬಹುದು, ಐದನೆಯವರು ಕಾಯಲಿ.

ತಪ್ಪು ಕಲ್ಪನೆ: ಹಿಡಿದ ಪುಸ್ತಕ ಮುಗಿಸಲೇಬೇಕು

ದುಡ್ಡು ಕೊಟ್ಟು ತಂದ ಪುಸ್ತಕವಾದ್ದರಿಂದ ಈ ಹಟ. ಮಗು ಇಪ್ಪತ್ತನೇ ಪುಟಕ್ಕೆ ಬಿಟ್ಟರೆ ಅದೂ ಒಂದು ತೀರ್ಮಾನ, ಹಲವು ಸಲ ನಮ್ಮದಕ್ಕಿಂತ ಸರಿಯಾದ ತೀರ್ಮಾನ. ‘ಯಾಕೆ ಬಿಟ್ಟೆ’ ಎಂದು ಗದರದೆ ಕೇಳಿದರೆ ಹೆದರಿಕೆಯೋ, ಬೇಜಾರೋ, ಭಾಷೆ ಕಠಿಣವೋ ಎಂಬುದು ಗೊತ್ತಾಗುತ್ತದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಹೆದರಿಕೆಯಾದರೆ ಆರು ತಿಂಗಳು ಎತ್ತಿಡಿ, ಭಾಷೆ ಕಠಿಣವಾದರೆ ಜೊತೆಗೆ ಕೂತು ಓದಿ, ಬೇಜಾರಾದರೆ ಬೇರೆ ಪುಸ್ತಕ ಕೊಡಿ. ದುಡ್ಡಿನ ಚಿಂತೆಗೂ ದಾರಿಯಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಗ್ರಾಮೀಣ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳವರು ಮಗುವನ್ನೇ ಕರೆದುಕೊಂಡು ಹೋಗಿ, ಬೀರು ತೆಗೆಸಿ, ಅದರ ಮುಂದೆ ಹತ್ತು ನಿಮಿಷ ಮಗುವನ್ನು ಅದರ ಪಾಡಿಗೆ ಬಿಡಿ. ಅಷ್ಟು ಹೊತ್ತು ನೀವು ಪತ್ರಿಕೆ ಓದುತ್ತಿರಿ.