ಮಾಸ್ಕೋದ ಬೆರಳು, ಮೈಸೂರಿನ ಕಿವಿ

1947. ಲಂಡನ್ನಿನ ಎಚ್‌ಎಂವಿ ಸ್ಟುಡಿಯೊ. ಅರವತ್ತೇಳು ವರ್ಷದ ರಷ್ಯನ್ ಸಂಗೀತಗಾರರೊಬ್ಬರು ಪಿಯಾನೊ ಮುಂದೆ ಕುಳಿತಿದ್ದಾರೆ. ಐದು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆಯ ಕೃತಿಯನ್ನೂ ತುಂಡು ತುಂಡಾಗಿಯೇ ನುಡಿಸಬೇಕು. ಒಂದು ಸ್ವರ ಜಾರಿದರೂ ಆ ತುಂಡನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು. ಆ ವಾದಕರು ನಿಕೊಲಾಯ್ ಮೆಟ್ನರ್. ಖರ್ಚು ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರದು.

ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ವಾದಕರ ಬದುಕು ನಮ್ಮ ಕಛೇರಿ ವಿದ್ವಾಂಸರ ಬದುಕಿನಂತಲ್ಲ. ಅಲ್ಲಿ ಮನೋಧರ್ಮದ ಆಲಾಪನೆಗೆ ಜಾಗವಿಲ್ಲ. ಪ್ರತಿ ಸ್ವರವೂ ಹಾಳೆಯ ಮೇಲೆ ಅಚ್ಚಾಗಿದೆ. ಅದಷ್ಟನ್ನೂ ಬಾಯಿಪಾಠ ಮಾಡಿ, ಬರೆದಿಟ್ಟ ಸ್ವರಕ್ಕೆ ತಮ್ಮ ಉಸಿರು ತುಂಬಬೇಕು. ವೈಣಿಕರು ತಮ್ಮ ವೀಣೆ ಹೊತ್ತು ಹೋಗುತ್ತಾರೆ. ಪಿಯಾನೊದವರಿಗೆ ಆ ಅನುಕೂಲವೂ ಇಲ್ಲ. ಊರೂರಿನ ಸಭಾಂಗಣದಲ್ಲಿ ಯಾವ ವಾದ್ಯ ಇದೆಯೋ ಅದರ 88 ಮನೆಗಳನ್ನು ಒಂದೆರಡು ಗಂಟೆಯಲ್ಲಿ ಪಳಗಿಸಿಕೊಳ್ಳಬೇಕು.

ಈ ವೃತ್ತಿಗೆ ಬೇಕಾದ ಎಲ್ಲವೂ ಮೆಟ್ನರ್ ಅವರಲ್ಲಿತ್ತು. 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಅವರು ಅಲ್ಲಿನ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದಲ್ಲಿ ವಾಸಿಲಿ ಸಫೊನೊವ್ ಅವರ ಶಿಷ್ಯರಾಗಿ 1900ರಲ್ಲಿ ಪದವಿ ಪಡೆದರು. ಗುರುಗಳು ಯುರೋಪ್ ಪ್ರವಾಸದ ಯೋಜನೆ ಹಾಕಿದರು. ಶಿಷ್ಯ ಒಲ್ಲೆ ಎಂದರು. ತಮಗೆ ಬೇಕಿರುವುದು ರಚನೆ, ಊರೂರು ಸುತ್ತುವ ಕಛೇರಿಯಲ್ಲ ಎಂಬುದು ಅವರ ಹಟ. ಮನೆಯವರಿಗೂ ಇದು ಹಿಡಿಸಲಿಲ್ಲ. ಬೆನ್ನಿಗೆ ನಿಂತವರು ಸಂಗೀತ ಶಾಸ್ತ್ರಜ್ಞ ತನೆಯೆವ್.

ನುಡಿಸುವುದನ್ನು ಪೂರ್ತಿ ಬಿಡಲಿಲ್ಲ. ಆದರೆ ನುಡಿಸಿದ್ದು ಹೆಚ್ಚಾಗಿ ತಮ್ಮವೇ ಕೃತಿಗಳನ್ನು. ಸ್ವಭಾವವೂ ಖಡಕ್. 1910ರಲ್ಲಿ ಬೇಟೊವನ್‌ರ ನಾಲ್ಕನೆಯ ಪಿಯಾನೊ ಕನ್ಸರ್ಟೊದ (ವಾದ್ಯವೃಂದದ ಜೊತೆ ನುಡಿಸುವ ಕೃತಿ) ತಾಲೀಮಿನಲ್ಲಿ ವೃಂದ ನಿರ್ದೇಶಕ ಮೆಂಗೆಲ್‌ಬರ್ಗ್ ಜೊತೆ ಗತಿಯ ಬಗ್ಗೆ ಜಟಾಪಟಿಯಾಯಿತು. ಮೆಟ್ನರ್ ಎದ್ದು ಹೊರನಡೆದರು.

ಕ್ರಾಂತಿಯ ನಂತರ, 1921ರಲ್ಲಿ, ಅವರು ರಷ್ಯಾ ಬಿಟ್ಟರು. ಬರ್ಲಿನ್, ಪ್ಯಾರಿಸ್, ಕೊನೆಗೆ 1935ರಲ್ಲಿ ಲಂಡನ್. ಹೊಸ ಸಂಗೀತದ ಅಲೆ ಎದ್ದಿದ್ದ ಆ ಕಾಲದಲ್ಲಿ ಅವರ ಶೈಲಿ ಹಳತಾಗಿ ಕಂಡಿತು. ಕೈಬಿಡದೆ ನಿಂತವರು ಗೆಳೆಯ, ರಷ್ಯನ್ ಸಂಗೀತ ರಚನಕಾರ ರಾಖ್ಮನಿನೊವ್. ಅಮೆರಿಕದ ಕಛೇರಿಗಳಿಗೆ ದಾರಿ ಮಾಡಿಕೊಟ್ಟರು. ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಶಿಷ್ಯರೂ ಚದುರಿದರು. ವಾರ್ವಿಕ್‌ಶೈರ್‌ನಲ್ಲಿ ಆಸರೆ ಕೊಟ್ಟಿದ್ದು ಶಿಷ್ಯೆ, ಪಿಯಾನೊ ವಾದಕಿ ಎಡ್ನಾ ಐಲ್ಸ್ ಅವರ ಕುಟುಂಬ. ಮೆಟ್ನರ್ ಅವರ ಮೂರನೆಯ ಕನ್ಸರ್ಟೊ ಮುಗಿದಿದ್ದು ಆ ಕಷ್ಟಕಾಲದಲ್ಲೇ. 1944ರ ಫೆಬ್ರುವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರೇ ಅದನ್ನು ನುಡಿಸಿದರು.

ಇತ್ತ ಮೈಸೂರಿನಲ್ಲಿ ಇನ್ನೊಂದು ಕಥೆ ನಡೆದಿತ್ತು. ಜಯಚಾಮರಾಜೇಂದ್ರರಿಗೆ ಪಿಯಾನೊ ವಾದಕರಾಗುವ ಆಸೆ. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಇಬ್ಬರೂ ತೀರಿಕೊಂಡರು. ಇಪ್ಪತ್ತೊಂದರ ಯುವಕನ ಮೇಲೆ ಪಟ್ಟದ ಭಾರ ಬಿತ್ತು. ಆದರೂ ಅಭ್ಯಾಸ ಬಿಡದೆ ಲಂಡನ್ನಿನ ಸಂಗೀತ ಸಂಸ್ಥೆಗಳ ಪದವಿ ಪಡೆದರು. ಮುಂದೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿ ಕರ್ನಾಟಕ ಸಂಗೀತದ ವಾಗ್ಗೇಯಕಾರರಾದವರೂ ಇವರೇ.

ಮೆಟ್ನರ್ ಸಂಗೀತವನ್ನು ಮೆಚ್ಚಿದ್ದ ಮಹಾರಾಜರು ಯುದ್ಧ ಮುಗಿದ ಮೇಲೆ ಮೆಟ್ನರ್ ಸೊಸೈಟಿ ಸ್ಥಾಪಿಸಿ, ಮೆಟ್ನರ್ ಕೃತಿಗಳನ್ನು ಅವರ ಬೆರಳಿನಿಂದಲೇ ಮುದ್ರಿಸಲು ಹಣ ಕೊಟ್ಟರು. ಹೊಸದಾಗಿ ಹುಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮಹಾರಾಜರ ಧನಸಹಾಯ ಹರಿಯಿತು. ಮೂರೂ ಕನ್ಸರ್ಟೊ, ಹಲವು ಹಾಡು, ಮೆಟ್ನರ್ ‘ಸ್ಕಾಜ್ಕಾ’ ಎಂದು ಕರೆದ ಕಥೆಯಂಥ ಪುಟ್ಟ ಪಿಯಾನೊ ಕೃತಿಗಳು ಪ್ಲೇಟಿಗೆ ಇಳಿದವು. 1950ರಲ್ಲಿ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದಾಗ ಆ ಕಛೇರಿಯ ಖರ್ಚಿಗೂ ಮಹಾರಾಜರದೇ ಭರವಸೆ. ಸ್ಟ್ರಾಸ್‌ರ ಸಂಗೀತ ಮೆಟ್ನರ್‌ಗೆ ಸುತರಾಂ ಆಗುತ್ತಿರಲಿಲ್ಲ. ಇಬ್ಬರಿಗೂ ಜಾಗವಿದ್ದ ಕಿವಿ ಮೈಸೂರಿನದು.

1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡರು. ಕಛೇರಿ ಬೇಡವೆಂದ ವಾದಕ, ಕಛೇರಿ ಕೊಡಲಾಗದ ಅರಸು: ಇಬ್ಬರ ನಡುವೆ ಉಳಿದಿದ್ದು ಈ ಧ್ವನಿಮುದ್ರಣಗಳು. ಇವತ್ತು ಅವು ಸುಲಭವಾಗಿ ಸಿಗುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಂಡು ಮೂರನೆಯ ಕನ್ಸರ್ಟೊದಿಂದ ಶುರು ಮಾಡಿ. ಮೆಟ್ನರ್ ಅದನ್ನು ಅರ್ಪಿಸಿರುವುದು ಮೈಸೂರು ಮಹಾರಾಜರಿಗೆ.